ಲೇಕಾಕ್ ಆ್ಯಬಿ, ಒಂದು ಬಿಸ್ಕತ್ ಡಬ್ಬಿ: ಪಿನ್‌ಹೋಲ್ ಫೋಟೋ ತೆಗೆಯುವವರು ಯಾರಾದರೂ ಇದ್ದೀರಾ?

ಬಿಸ್ಕತ್ ಡಬ್ಬಿ (ಸ್ವಿಂಡನ್)

ಎಲ್ಲರಿಗೂ ನಮಸ್ಕಾರ. ಊರು ತುಮಕೂರು ಕಡೆ, ಈಗ ಇರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಇಲ್ಲಿಂದ ಕಾರಿನಲ್ಲಿ ಹೊರಟರೆ ಗಂಟೆಯೊಳಗೆ ಲೇಕಾಕ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿರುವ ಲೇಕಾಕ್ ಆ್ಯಬಿಯನ್ನು ಲೆನ್ಸ್ ಇಲ್ಲದ, ಬರೀ ಸೂಜಿತೂತಿನ (ಪಿನ್‌ಹೋಲ್) ಡಬ್ಬಿಯಲ್ಲಿ ಹಿಡಿಯುವ ಹುಚ್ಚು ಹತ್ತಿದೆ.

ಜಾಗದ ಬಗ್ಗೆ ಎರಡು ಮಾತು. 1232ರಲ್ಲಿ ಸಾಲಿಸ್‌ಬರಿಯ ಕೌಂಟೆಸ್ ಎಲಾ ಸನ್ಯಾಸಿನಿಯರಿಗಾಗಿ ಸ್ಥಾಪಿಸಿದ ಮಠ ಇದು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸುವಾಗ 1539ರಲ್ಲಿ ಇದೂ ಮುಚ್ಚಿತು. ವಿಲಿಯಂ ಶಾರಿಂಗ್ಟನ್ ಎಂಬಾತ ಕೊಂಡುಕೊಂಡು, ಚರ್ಚನ್ನು ಕೆಡವಿ, ಉಳಿದದ್ದನ್ನು ಮನೆ ಮಾಡಿಕೊಂಡ. ಪುಣ್ಯಕ್ಕೆ ಕಮಾನಿನ ಪಡಸಾಲೆಗೆ ಕೈ ಹಾಕಲಿಲ್ಲ. ಆಮೇಲೆ ಟಾಲ್ಬಟ್ ಮನೆತನದ ಕೈಗೆ ಬಂತು. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮನೆಯನ್ನೂ ಹಳ್ಳಿಯನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟುಬಿಟ್ಟರು. ಈಗ ಸಿನಿಮಾ ಶೂಟಿಂಗ್ ನಡೆದ ಜಾಗ ಅಂತ ನೋಡಲು ಬರುವವರೇ ಜಾಸ್ತಿ.

ನನ್ನನ್ನು ಎಳೆಯುವುದು ಬೇರೆ. ದಕ್ಷಿಣದ ಗ್ಯಾಲರಿಯಲ್ಲಿ, ಗೋಡೆಯಿಂದ ಆಚೆಗೆ ಚಾಚಿದ ಕಿಟಕಿಗಳಲ್ಲಿ ನಡುವಿನದೊಂದಿದೆ. 1835ರ ಆಗಸ್ಟ್‌ನಲ್ಲಿ ಈ ಮನೆಯ ಒಡೆಯ, ಫೋಟೋಗ್ರಫಿಯ ಆದ್ಯರಲ್ಲಿ ಒಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅದನ್ನು ಅಂಚೆಚೀಟಿಯಷ್ಟು ಕಾಗದದ ಮೇಲೆ ಮೂಡಿಸಿದರು. ಇವತ್ತು ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೆಯದು. ಈಗ ಬ್ರಾಡ್‌ಫರ್ಡ್‌ನ ಮ್ಯೂಸಿಯಂನಲ್ಲಿದೆ.

ನನ್ನ ಕ್ಯಾಮೆರಾ: ಚೌಕದ ಬಿಸ್ಕತ್ ಡಬ್ಬಿ, ಆಳ 10 ಸೆಂ.ಮೀ. ಒಳಗೆಲ್ಲ ಮಿಂಚದ ಕಪ್ಪು ಪೇಂಟ್. ತೂತು ಮಾಡಿದ್ದು ಕೂಲ್‌ಡ್ರಿಂಕ್ ಕ್ಯಾನಿನ ತಗಡಿನಲ್ಲಿ. ಸೂಜಿಯಿಂದ ಒತ್ತಿ, ಹಿಂದೆ ಎದ್ದ ಉಬ್ಬನ್ನು ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಒತ್ತಿ, ಮತ್ತೆ ಉಜ್ಜಿ ಮಾಡಿದ್ದು. ಅಳತೆ 0.45 ಮಿ.ಮೀ. ಶಟರ್ ಅಂದರೆ ಕಪ್ಪು ಇನ್ಸುಲೇಷನ್ ಟೇಪ್. ಒಳಗೆ 5×7 ಇಂಚಿನ ಬ್ರೋಮೈಡ್ ಪೇಪರ್, ಅಂದರೆ ಡಾರ್ಕ್ ರೂಮಿನಲ್ಲಿ ಬಳಸುವ ಫೋಟೋ ಪೇಪರ್. ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡು ಹುಲ್ಲಿನ ಮೇಲೆ ಸ್ಟೂಲ್ ಹಾಕಿ ಇಟ್ಟೆ. ತೆಳು ಮೋಡ, 4 ನಿಮಿಷ.

ನೆಗೆಟಿವ್ ಬಂದಿದೆ, ಸ್ಕ್ಯಾನ್ ಮಾಡಿ ಪಾಸಿಟಿವ್ ಮಾಡಿದ್ದೇನೆ. ಮುಂದೆ ಓಡಾಡುತ್ತಿದ್ದ ಜನ ಒಬ್ಬರೂ ಇಲ್ಲ. ಬೆಂಚಿನ ಮೇಲೆ ಕೂತಿದ್ದ ಒಬ್ಬರ ಶೂ ಮಾತ್ರ ಚೆನ್ನಾಗಿ ಬಿದ್ದಿದೆ, ತಲೆ ಬರೀ ಹೊಗೆ. ಅವರು ಆ ಕಡೆ ಈ ಕಡೆ ನೋಡುತ್ತಲೇ ಇದ್ದರು.

ಎರಡು ಪ್ರಶ್ನೆ. ಒಂದು, ಆ ಕಟ್ಟಡದ ಕಲ್ಲು ಜೇನಿನ ಬಣ್ಣದ್ದು, ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಫೋಟೋದಲ್ಲಿ ಮಳೆ ನೆಂದ ಗೋಡೆ ತರಹ ಕಪ್ಪಗಿದೆ. ಆಕಾಶ ಬರೀ ಬಿಳಿ. ಯಾಕೆ? ಎರಡು, ಆ ಕಿಟಕಿಯನ್ನು ಒಳಗಿನಿಂದ ತೆಗೆಯಬೇಕಾದರೆ ಎಷ್ಟು ಹೊತ್ತು ಬಿಡಬೇಕು?

ಹಳೇ ಸ್ಟುಡಿಯೋ (ಮೈಸೂರು)

ಬಿಸ್ಕತ್ ಡಬ್ಬಿಯವರೇ, ಸಂತೋಷ ಆಯಿತು ಕಣ್ರೀ. ಬ್ರೋಮೈಡ್ ಪೇಪರ್ ಅಂತ ಯಾರಾದರೂ ಬರೆದು ಎಷ್ಟು ಕಾಲವಾಯಿತೋ.

ಕಲ್ಲು ಕಪ್ಪಾಗುವುದು ಪೇಪರ್‌ನ ಗುಣ. ಅದಕ್ಕೆ ನೀಲಿ ಚೆನ್ನಾಗಿ ಕಾಣುತ್ತದೆ, ಹಸಿರು ಸ್ವಲ್ಪ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಅದಕ್ಕೇ ನಾವು ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬ್ ಹಾಕಿಕೊಂಡು ಆರಾಮಾಗಿ ಕೆಲಸ ಮಾಡುತ್ತಿದ್ದೆವು. ನಿಮ್ಮ ಜೇನು ಬಣ್ಣದ ಕಲ್ಲಿನಲ್ಲಿ ನೀಲಿ ಕಡಿಮೆ. ಕಣ್ಣಿಗೆ ಬೆಳ್ಳಗೆ, ಪೇಪರ್‌ಗೆ ಕಪ್ಪಗೆ. ಆಕಾಶದಲ್ಲಿ ನೀಲಿ ಬಿಟ್ಟರೆ ಬೇರೆ ಏನಿದೆ? ಅದು ಸುಟ್ಟುಹೋಗುತ್ತದೆ. ನಮ್ಮ ಕಡೆ ಹೆಂಚಿನ ಮನೆ, ಕೆಮ್ಮಣ್ಣಿನ ಗೋಡೆ ತೆಗೆದರೆ ಇನ್ನೂ ಮಸಿ.

ಪೂರ್ತಿ ಸರಿಮಾಡಲು ಆಗುವುದಿಲ್ಲ, ಆದರೆ ಮೆದು ಮಾಡಬಹುದು. ಪೇಪರ್ ಮಲ್ಟಿಗ್ರೇಡ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವಂಥದ್ದು) ಆಗಿದ್ದರೆ ತೂತಿನ ಹಿಂದೆ ಹಳದಿ ಫಿಲ್ಟರ್ ಅಂಟಿಸಿ. ಕಾಂಟ್ರಾಸ್ಟ್ ಇಳಿಯುತ್ತದೆ. ಹೊತ್ತು ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಇನ್ನೊಂದು ದಾರಿ ಪ್ರಿಫ್ಲ್ಯಾಶ್. ಡಬ್ಬಿಗೆ ಹಾಕುವ ಮೊದಲೇ ಪೇಪರ್‌ಗೆ ಬಹಳ ಮಂದ ಬೆಳಕು ತೋರಿಸಿಬಿಡುವುದು. ಟಾರ್ಚನ್ನು ಸೀಲಿಂಗಿಗೆ ಹಿಡಿದರೆ ಸಾಕು. ಒಂದು ಪಟ್ಟಿ ಪೇಪರ್ ತೆಗೆದುಕೊಂಡು 1, 2, 3, 4 ಸೆಕೆಂಡ್ ಅಂತ ಟೆಸ್ಟ್ ಮಾಡಿ. ಮೊದಲ ಬೂದು ಬಣ್ಣ ಎಲ್ಲಿ ಕಾಣುತ್ತದೋ ಅದಕ್ಕಿಂತ ಒಂದು ಚೂರು ಕಡಿಮೆ ಕೊಡಿ. ಆಗ ಕಿಟಕಿ ಸಂದಿ, ಕಮಾನಿನ ಕೆಳಗಿನ ನೆರಳು, ಇವುಗಳಿಗೂ ಜೀವ ಬರುತ್ತದೆ.

ಅಂದ ಹಾಗೆ ಪೇಪರ್ ಮೇಲೆ ಚಿತ್ರ ಮೂಡಿಸುವುದಕ್ಕೆ ಡೆವಲಪರ್ ಯಾವುದು?

ಸುಮ್ನೆ ಕೇಳ್ದೆ (ಬೆಂಗಳೂರು)

ತಪ್ಪು ತಿಳಿಯಬೇಡಿ. ಮೊಬೈಲ್‌ನಲ್ಲಿ ತೆಗೆದು ಬ್ಲರ್ ಮಾಡಿ, ಕಪ್ಪು ಬಿಳುಪು ಮಾಡಿದರೆ ಇದೇ ಬರುತ್ತದೆ ಅಲ್ವಾ? ಕೊನೆಗೆ ನೀವೂ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲೇ ಉಲ್ಟಾ ಮಾಡಿದ್ದು. ಅಷ್ಟು ದೂರ ಡಬ್ಬಿ ಹೊತ್ತುಕೊಂಡು ಹೋಗಿ ಏನು ಬಂತು?

ಗಣಿತ ಮೇಷ್ಟ್ರು (ಧಾರವಾಡ)

ಇಲ್ರೀ, ಅದು ಬರಂಗಿಲ್ಲ. ಬ್ಲರ್ ಬೇರೆ, ಪಿನ್‌ಹೋಲಿನ ಮೆದು ಬೇರೆ. ಲೆನ್ಸ್‌ನಲ್ಲಿ ಒಂದು ದೂರಕ್ಕೆ ಫೋಕಸ್ ಇರುತ್ತದೆ, ಉಳಿದದ್ದು ಮಸುಕು. ಪಿನ್‌ಹೋಲ್‌ಗೆ ಫೋಕಸ್ ಅನ್ನುವುದೇ ಇಲ್ಲ. ಪಡಸಾಲೆಯಲ್ಲಿ ಡಬ್ಬಿಯನ್ನು ನೆಲದ ಮೇಲಿಟ್ಟರೆ ಒಂದು ಅಡಿ ದೂರದ ಹಾಸುಗಲ್ಲೂ ಕೊನೆಯ ಕಮಾನೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಬೀಳುತ್ತವೆ.

ಇನ್ನೊಂದು, ಗೆರೆ. ಅಗಲ ಲೆನ್ಸ್‌ನಲ್ಲಿ ಕಟ್ಟಡದ ಅಂಚು ಬಿಲ್ಲಿನಂತೆ ಬಾಗುತ್ತದೆ, ಅದನ್ನು ಸಾಫ್ಟ್‌ವೇರ್ ನೆಟ್ಟಗೆ ಮಾಡುತ್ತದೆ. ಪಿನ್‌ಹೋಲ್‌ನಲ್ಲಿ ಪೇಪರ್ ಚಪ್ಪಟೆ ಇದ್ದರೆ ನೇರ ಗೆರೆ ನೇರವಾಗಿಯೇ ಇರುತ್ತದೆ, ಎಷ್ಟೇ ಅಗಲ ಇರಲಿ. ಇವರ ಡಬ್ಬಿಯ ಲೆಕ್ಕ ಹಾಕಿದೆ. 178 ಮಿ.ಮೀ. ಅಗಲದ ಪೇಪರ್, 100 ಮಿ.ಮೀ. ದೂರ, ಅಂದರೆ ಅಡ್ಡಕ್ಕೆ ಸುಮಾರು 83 ಡಿಗ್ರಿ ನೋಟ. ಬಾಗುವುದು ಬೇಕು ಅಂದರೆ ಗುಂಡು ಡಬ್ಬಿ ತಗೊಂಡು ಪೇಪರ್ ಸುತ್ತಿ ಇಡಬೇಕು.

ಇದಕ್ಕೆ ತೆರುವ ಬೆಲೆಯೂ ಇದೆ. ಬೆಳಕು ಮೂಲೆಗೆ ಓರೆಯಾಗಿ, ಜಾಸ್ತಿ ದೂರ ಹೋಗಿ ಬೀಳುತ್ತದೆ. ಇವರ ಡಬ್ಬಿಯಲ್ಲಿ ಮೂಲೆಗೆ ಸಿಗುವುದು ನಡುವಿನ ಬೆಳಕಿನ ಐದನೇ ಒಂದು ಪಾಲು. ಫೋಟೋದ ಮೂಲೆಗಳು ಕಪ್ಪಗಿರುವುದು ಅದಕ್ಕೇ. ಡಬ್ಬಿಯ ದೋಷ ಅಲ್ಲ.

ಸುಮ್ನೆ ಕೇಳ್ದೆ (ಬೆಂಗಳೂರು)

ಸರಿ ಮೇಷ್ಟ್ರೇ. ಆದರೆ ಆ 0.45 ಎಲ್ಲಿಂದ ಬಂತು? ಇನ್ನೂ ಸಣ್ಣ ತೂತು ಮಾಡಿದರೆ ಇನ್ನೂ ಚುರುಕಾಗಿ ಬರಬೇಕು ತಾನೇ?

ಗಣಿತ ಮೇಷ್ಟ್ರು (ಧಾರವಾಡ)

ಒಂದು ಹಂತದವರೆಗೆ ಹೌದು. ಅದಾದ ಮೇಲೆ ಬೆಳಕು ತೂತಿನ ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ, ಚಿತ್ರ ಮತ್ತೆ ಮಸುಕಾಗುತ್ತದೆ. ಎರಡರ ನಡುವೆ ಒಂದು ಹದ ಇದೆ. ರೇಲಿ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಗೆ ಈ ಲೆಕ್ಕವನ್ನು ಕೂಲಂಕಷವಾಗಿ ನೋಡಿದ್ದ. ಸೂತ್ರ ಇಷ್ಟೇ: ತೂತಿನಿಂದ ಪೇಪರ್‌ಗಿರುವ ದೂರವನ್ನು ಬೆಳಕಿನ ಅಲೆಯ ಉದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. 100 ಮಿ.ಮೀ. ದೂರಕ್ಕೆ 0.45 ಮಿ.ಮೀ. ಬರುತ್ತದೆ. ಎಫ್ ನಂಬರ್, ಅಂದರೆ ದೂರವನ್ನು ತೂತಿನ ಅಗಲದಿಂದ ಭಾಗಿಸಿದ್ದು, 222. ಅದು ಹೆಚ್ಚಿದಷ್ಟೂ ಬೆಳಕು ಕಡಿಮೆ.

ಅಳೆಯುವುದಕ್ಕೆ ಮೈಕ್ರೋಸ್ಕೋಪ್ ಬೇಡ. ತಗಡನ್ನು ಸ್ಕ್ಯಾನರ್ ಮೇಲಿಟ್ಟು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ತೂತು 42-43 ಪಿಕ್ಸೆಲ್ ಅಗಲ ಬಂದರೆ ಸರಿ ಇದೆ. ಅಂಚು ದುಂಡಗಿದೆಯೋ, ಚೂರು ಚೂರು ಎದ್ದಿದೆಯೋ ಅನ್ನುವುದೂ ಕಾಣುತ್ತದೆ.

ಬಿಸ್ಕತ್ ಡಬ್ಬಿ (ಸ್ವಿಂಡನ್)

ಸ್ಟುಡಿಯೋ ಸರ್, ಮೇಷ್ಟ್ರೇ, ಇಬ್ಬರಿಗೂ ಥ್ಯಾಂಕ್ಸ್. ಡೆವಲಪರ್ ಕಾಫಿ! ನಿಜವಾಗಿಯೂ. ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ. ಕೆಫೆನಾಲ್ ಅನ್ನುತ್ತಾರೆ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ತರಗತಿಯಲ್ಲಿ ಹುಟ್ಟಿದ್ದು. ಆಮೇಲೆ ನೀರು ಬೆರೆಸಿದ ವಿನೆಗರ್, ಕೊನೆಗೆ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ.

ತೋಟದ ಮನೆ (ಮಡಿಕೇರಿ)

ಕಾಫಿ ಅಂದ ಕೂಡಲೇ ಬಂದೆ. ನಮ್ಮ ಫಿಲ್ಟರ್ ಡಿಕಾಕ್ಷನ್ ನಡೆಯುತ್ತದಾ?

ಬಿಸ್ಕತ್ ಡಬ್ಬಿ (ಸ್ವಿಂಡನ್)

ನಡೆಯಬಹುದು, ಆದರೆ ಹದ ಹಿಡಿಯುವುದು ಕಷ್ಟ. ಒಂದೊಂದು ಸಲ ಒಂದೊಂದು ಗಟ್ಟಿ ಅಲ್ವಾ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಆಮ್ಲಗಳು. ಅವು ಅರೇಬಿಕಾಗಿಂತ ರೋಬಸ್ಟಾದಲ್ಲಿ ಜಾಸ್ತಿ. ಹಾಗಾಗಿ ಅಗ್ಗದ ಇನ್‌ಸ್ಟಂಟ್ ಪುಡಿಯೇ ಒಳ್ಳೆಯದು. ಚಿಕೋರಿ ಬೆರೆಸಿದ್ದು ಬೇಡ. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಕಾಫಿ. ಅಡುಗೆ ಸೋಡಾ ಹಾಕಬೇಡಿ, ಅದು ಬೇರೆ. ವಾಸನೆ ಮಾತ್ರ ಕೇಳಬೇಡಿ, ಕಾಫಿ ಮೇಲೆ ಪ್ರೀತಿ ಇರುವವರು ಮೂಗು ಮುಚ್ಚಿಕೊಂಡೇ ಮಾಡಬೇಕು.

ಹಳೇ ಸ್ಟುಡಿಯೋ (ಮೈಸೂರು)

ಶಿವ ಶಿವ. ಕಾಫಿಯನ್ನು ಟ್ರೇಗೆ ಸುರಿಯುವ ಕಾಲ ಬಂತು. ಇರಲಿ, ಹೈಪೋ ಬಿಟ್ಟಿಲ್ಲವಲ್ಲ, ಅದೇ ಸಮಾಧಾನ. ನಿಮ್ಮ ಟಾಲ್ಬಟ್ ಸಾಹೇಬರಿಗೆ ಮೊದಲು ಅದೂ ಇರಲಿಲ್ಲ. ಗಟ್ಟಿ ಉಪ್ಪುನೀರಿನಲ್ಲಿ ಅದ್ದಿ ಚಿತ್ರವನ್ನು ನಿಲ್ಲಿಸುತ್ತಿದ್ದರು. ಹೈಪೋ ಹಾಕಿ ಅಂತ 1839ರಲ್ಲಿ ಹೇಳಿಕೊಟ್ಟವರು ವಿಜ್ಞಾನಿ ಜಾನ್ ಹರ್ಷೆಲ್. ಮೈಸೂರಿನ ನಮ್ಮ ಸ್ಟುಡಿಯೋದ ತನಕ ಬಂದದ್ದು ಅದೇ ಬಿಳಿ ಹರಳು.

ಪ್ರವಾಸಿ (ಉಡುಪಿ)

ಹಾಗಾದರೆ ಟಾಲ್ಬಟ್ ತೆಗೆದದ್ದೇ ಪ್ರಪಂಚದ ಮೊದಲ ಪಿನ್‌ಹೋಲ್ ಫೋಟೋ. ಎಲ್ಲೋ ಓದಿದ ನೆನಪು.

ಗಣಿತ ಮೇಷ್ಟ್ರು (ಧಾರವಾಡ)

ಎರಡೂ ಅಲ್ರೀ. ಮೊದಲ ಫೋಟೋ ಅಲ್ಲ. ಫ್ರಾನ್ಸ್‌ನಲ್ಲಿ ನಿಯೆಪ್ಸ್ ತನ್ನ ಎಸ್ಟೇಟಿನ ಮನೆಯ ಮಹಡಿ ಕಿಟಕಿಯಿಂದ ಚಾವಣಿಗಳ ಚಿತ್ರ ತೆಗೆದದ್ದು 1826-27ರ ಸುಮಾರಿಗೆ. ಅದು ಲೋಹದ ತಗಡಿನ ಮೇಲೆ, ನೆಗೆಟಿವ್ ಅಲ್ಲ. ಟಾಲ್ಬಟ್ಟರದು ಪಿನ್‌ಹೋಲ್ ಕೂಡ ಅಲ್ಲ. ಲೆನ್ಸ್ ಇತ್ತು.

ಈ ಭಾಗ ಬಹಳ ಸ್ವಾರಸ್ಯವಾಗಿದೆ. 1835ರಲ್ಲಿ ಅವರು ಮೊದಲು ದೊಡ್ಡ ಪೆಟ್ಟಿಗೆ ಇಟ್ಟು ಮನೆಯ ಚಿತ್ರ ತೆಗೆಯಲು ನೋಡಿದರು. ಒಂದೆರಡು ಗಂಟೆ ಬಿಟ್ಟರೂ ಚಾವಣಿ ಮತ್ತು ಹೊಗೆಗೂಡಿನ ಅಂಚು ಬಿಟ್ಟರೆ ಹೆಚ್ಚೇನೂ ಬೀಳಲಿಲ್ಲ. ಕಾಗದ ಅಷ್ಟು ನಿಧಾನ. ಆಗ ಏನು ಮಾಡಿದರು? ಪುಟ್ಟ ಪುಟ್ಟ ಪೆಟ್ಟಿಗೆ ಮಾಡಿಸಿ, ಕಡಿಮೆ ದೂರಕ್ಕೆ ಫೋಕಸ್ ಆಗುವ ಲೆನ್ಸ್ ಹಾಕಿದರು. ಬೆಳಕು ಚಿಕ್ಕ ಜಾಗದಲ್ಲಿ ಗುಂಪಾಗಿ ಬೀಳುತ್ತದೆ, ಕಾಗದ ಬೇಗ ಕಪ್ಪಾಗುತ್ತದೆ. ಮನೆ ಸುತ್ತ ಅವನ್ನು ಇಟ್ಟು ಅರ್ಧ ಗಂಟೆ ಬಿಟ್ಟು ಎತ್ತಿಕೊಂಡು ಬಂದರೆ ಎಲ್ಲದರಲ್ಲೂ ಚಿತ್ರ. ಅವರ ಹೆಂಡತಿ ಕಾನ್‌ಸ್ಟೆನ್ಸ್ ಆ ಪೆಟ್ಟಿಗೆಗಳನ್ನು ಇಲಿಬೋನು ಅಂತ ಕರೆದರು.

ಈಗ ಬಿಸ್ಕತ್ ಡಬ್ಬಿಯವರ ಎರಡನೇ ಪ್ರಶ್ನೆಯನ್ನು ಟಾಲ್ಬಟ್ಟರಿಗೇ ಕೇಳೋಣ. ಅವರ ಲೆನ್ಸ್ ಎಫ್/5.6 ಅಂತ ಇಟ್ಟುಕೊಳ್ಳಿ, ಸುಮ್ನೆ ಲೆಕ್ಕಕ್ಕೆ. ಎಫ್/222ರ ತೂತು ಅದರ ಎದುರು ಸುಮಾರು 1570 ಪಟ್ಟು ಮಂದ. ಅರ್ಧ ಗಂಟೆಯ ಚಿತ್ರಕ್ಕೆ 785 ಗಂಟೆ ಬೇಕು. ದಿನಕ್ಕೆ 8 ಗಂಟೆ ಒಳ್ಳೆಯ ಬಿಸಿಲು ಸಿಕ್ಕಿದರೆ 98 ದಿನ. ಅದೂ ಇಂಗ್ಲೆಂಡಿನಲ್ಲಿ!

ಕಿಟಕಿಯನ್ನೇ ಯಾಕೆ ಆರಿಸಿಕೊಂಡರು ಅನ್ನುವುದೂ ಇದರಿಂದ ಅರ್ಥವಾಗುತ್ತದೆ ಅಂತ ನನ್ನ ಅಂದಾಜು. ಕತ್ತಲೆ ಕೋಣೆಯಲ್ಲಿ ಕೂತ ಮಂದ ಕಾಗದಕ್ಕೆ ಕಾಣುವಷ್ಟು ಬೆಳಕಿರುವ ವಸ್ತು ಅದೊಂದೇ. ಗಾಜಿನ ಚೌಕಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು, ಸುಮಾರು 200 ಇದ್ದವು ಅಂತ ನೆಗೆಟಿವ್ ಜೊತೆಯಲ್ಲೇ ಬರೆದಿಟ್ಟಿದ್ದಾರೆ.

ನಿಮ್ಮ ಪೇಪರ್‌ಗೆ ಮಾತ್ರ ಇಷ್ಟು ಕಷ್ಟವಿಲ್ಲ. ಬೆಳಕಿಗೆ ಸ್ಪಂದಿಸುವ ಅದರ ವೇಗ ಐಎಸ್‌ಒ 6ರ ಆಸುಪಾಸು. ಹೊರಗೆ ಚುರುಕು ಬಿಸಿಲಿದ್ದರೆ 30 ಸೆಕೆಂಡ್ ಚಿಲ್ಲರೆ, ಮೋಡವಿದ್ದರೆ 2ರಿಂದ 4 ನಿಮಿಷ. ಒಳಗಿನಿಂದ ಕಿಟಕಿಯ ಕಡೆ ತಿರುಗಿಸಿ ಗಾಜು ಮಾತ್ರ ಸಾಕು ಅಂದರೆ ಹೊರಗಿನ ಹೊತ್ತೇ ಸಾಕು, ಚೌಕಟ್ಟು ಕಪ್ಪು ಗೆರೆಯಾಗಿ ಬರುತ್ತದೆ. ಅಕ್ಕಪಕ್ಕದ ಗೋಡೆಯೂ ಬೇಕು ಅಂದರೆ ಗಂಟೆಗಟ್ಟಲೆ. ಅಷ್ಟರಲ್ಲಿ ಗಾಜು ಸುಟ್ಟುಹೋಗಿರುತ್ತದೆ. ಎರಡರಲ್ಲಿ ಒಂದನ್ನು ಬಿಡಿ.

ಹೊಸಪೇಟೆ ಹುಡುಗ

ಇಷ್ಟೊತ್ತು ಯಾರೂ ಹಂಪಿ ಅನ್ನಲೇ ಇಲ್ಲವಲ್ಲ! ನಮ್ಮ ವಿರೂಪಾಕ್ಷ ಗುಡಿಯಲ್ಲಿ ಹಿಂದುಗಡೆ ಕತ್ತಲೆ ಜಾಗದಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ರಾಜಗೋಪುರ ತಲೆಕೆಳಗಾಗಿ ಎದುರು ಗೋಡೆ ಮೇಲೆ ಬೀಳುತ್ತದೆ. ಗೋಪುರ ಸುಮಾರು 50 ಮೀಟರ್ ಎತ್ತರ, ಗೋಡೆ ಮೇಲೆ ಮಾತ್ರ ಗೇಣುದ್ದದ ಲೆಕ್ಕ. ಗೈಡ್‌ಗಳು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಒಟ್ಟಿನಲ್ಲಿ ಪಿನ್‌ಹೋಲ್ ನಮ್ಮದೇ.

ಗಣಿತ ಮೇಷ್ಟ್ರು (ಧಾರವಾಡ)

ನೋಡಿದ್ದೀನಪ್ಪ, ಬಹಳ ಚಂದ. ಆದರೆ ನಮ್ಮದೇ ಅನ್ನಬೇಡ. ಚೀನಾದ ಮೋ ತ್ಸು ಪಂಥದವರು ಕ್ರಿಸ್ತ ಪೂರ್ವದಲ್ಲೇ ಬರೆದಿದ್ದಾರೆ, ಅರಬ್ಬರ ಇಬ್ನ್ ಅಲ್ ಹೈಥಮ್ ಸಾವಿರ ವರ್ಷದ ಹಿಂದೆ ಗ್ರಹಣದ ಬಿಂಬ ನೋಡಿ ವಿವರಿಸಿದ್ದಾನೆ. ಕತ್ತಲೆ ಇದ್ದಲ್ಲಿ, ತೂತು ಇದ್ದಲ್ಲಿ ಇದು ತಾನಾಗಿ ಆಗುತ್ತದೆ. ಹಂಚಿನ ಸಂದಿಯಿಂದ ಅಡುಗೆಮನೆಯಲ್ಲಿ ಬೀಳುವ ಬೆಳಕಿನ ಬಿಲ್ಲೆಗಳು ಸೂರ್ಯನ ಬಿಂಬಗಳೇ.

ಒಂದು ಮಾತು. ಗುಡಿಯ ಕಿಂಡಿಗೆ ಸೂಜಿಯ ಅಳತೆ ಹೊಂದುವುದಿಲ್ಲ. ಗೋಡೆ 5 ಮೀಟರ್ ದೂರದಲ್ಲಿದ್ದರೆ ಅದೇ ಸೂತ್ರಕ್ಕೆ 3 ಮಿ.ಮೀ. ಮೀರಿದ ತೂತು ಬರುತ್ತದೆ. ಕಣ್ಣಿಗೆ ಸಲೀಸಾಗಿ ಕಾಣಬೇಕಾದರೆ ಅದಕ್ಕಿಂತ ಎಷ್ಟೋ ದೊಡ್ಡದಿರಬೇಕು.

ಬಿಸ್ಕತ್ ಡಬ್ಬಿ (ಸ್ವಿಂಡನ್)

ಮೇಷ್ಟ್ರೇ, ನಿಮ್ಮ 98 ದಿನ ತಲೆಯಲ್ಲೇ ಕೂತಿದೆ. ಅದು ಆಗದ ಕೆಲಸ ಅಲ್ಲ, ಜನ ಈಗ ಮಾಡುತ್ತಲೇ ಇದ್ದಾರೆ. ಸೋಲಾರ್‌ಗ್ರಫಿ. ಬಿಯರ್ ಕ್ಯಾನಿಗೆ ತೂತು ಮಾಡಿ, ಬ್ರೋಮೈಡ್ ಪೇಪರ್ ಸುತ್ತಿಟ್ಟು, ಕಂಬಕ್ಕೆ ಕಟ್ಟಿ ಆರು ತಿಂಗಳು ಬಿಡುವುದು. ಡೆವಲಪರ್ ಬೇಡ. ಟಾಲ್ಬಟ್ಟರ ಕಾಗದದ ಹಾಗೆ ಬೆಳಕಿಗೇ ತಾನಾಗಿ ಕಪ್ಪಾಗುತ್ತದೆ. ಜೂನ್ 21ರಿಂದ ಡಿಸೆಂಬರ್ 21ರವರೆಗೆ ಬಿಟ್ಟರೆ ಸೂರ್ಯ ದಿನಕ್ಕೊಂದು ಗೆರೆ ಎಳೆಯುತ್ತಾನೆ. ಮೋಡದ ದಿನ ಗೆರೆ ತುಂಡು. ಲೇಕಾಕ್‌ನಲ್ಲಿ ಜೂನ್ ಮಧ್ಯಾಹ್ನ ಸೂರ್ಯ 62 ಡಿಗ್ರಿ ಎತ್ತರ, ಡಿಸೆಂಬರ್‌ನಲ್ಲಿ ಬರೀ 15. ಆ ಮನೆಯ ಚಾವಣಿಯ ಮೇಲೆ ಪೂರ್ತಿ ಕಮಾನು ಬರುತ್ತದೆ.

ಟ್ರಸ್ಟ್‌ನವರಿಗೆ ಬರೆದು ಕೇಳಿದ್ದೇನೆ. ಹೇಳದೆ ಕೇಳದೆ ಟೇಪ್ ಸುತ್ತಿದ ಡಬ್ಬಿಯನ್ನು ಎಲ್ಲೋ ಕಟ್ಟಿಬಂದರೆ ಪೊಲೀಸರಿಗೆ ಫೋನ್ ಹೋಗುತ್ತದೆ, ಅದಕ್ಕೆ.

ಸುಮ್ನೆ ಕೇಳ್ದೆ (ಬೆಂಗಳೂರು)

ಇದು ಮಾತ್ರ ಮೊಬೈಲ್‌ನಲ್ಲಿ ಆಗಲ್ಲ, ಒಪ್ಪಿದೆ. ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ. ಕಟ್ಟಲಾ?

ಗಣಿತ ಮೇಷ್ಟ್ರು (ಧಾರವಾಡ)

ಕಟ್ಟಿ, ಆದರೆ ಜೂನ್‌ನಲ್ಲಿ ಶುರುಮಾಡಬೇಡಿ. ಬೆಂಗಳೂರಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯದ ನಂತರ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ನಡುವಿನ ತಿಂಗಳಲ್ಲಿ ಉತ್ತರಕ್ಕೆ ಹೋಗಿರುತ್ತಾನೆ. ನಿಮ್ಮ ಡಬ್ಬಿಗೆ ಮಧ್ಯಾಹ್ನ ಸಿಗುವುದೇ ಇಲ್ಲ, ಸಾಲದ್ದಕ್ಕೆ ಮಳೆಗಾಲ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಇಡಿ. ಡಿಸೆಂಬರ್‌ನಲ್ಲೂ ಮಧ್ಯಾಹ್ನ 53 ಡಿಗ್ರಿ ಎತ್ತರ ಇರುತ್ತದೆ, ಡಬ್ಬಿಯನ್ನು ಸ್ವಲ್ಪ ಮೇಲ್ಮುಖ ಮಾಡಿ.

ಹಳೇ ಸ್ಟುಡಿಯೋ (ಮೈಸೂರು)

ಆ ಪೇಪರನ್ನು ಹೈಪೋಗೆ ಹಾಕಬೇಡಿ, ಚಿತ್ರ ಅರ್ಧ ಮಾಯವಾಗುತ್ತದೆ. ಹೊರಗೆ ತೆಗೆದ ಕೂಡಲೇ ಮಂದ ಬೆಳಕಿನಲ್ಲಿ ಒಂದೇ ಸಲ ಸ್ಕ್ಯಾನ್ ಮಾಡಿ, ಕಪ್ಪು ಕವರ್‌ನಲ್ಲಿಡಿ. ಸ್ಕ್ಯಾನರ್ ಬೆಳಕೂ ಅದನ್ನು ತಿನ್ನುತ್ತದೆ.

ಮತ್ತೆ ಬಿಸ್ಕತ್ ಡಬ್ಬಿಯವರೇ, ಒಂದು ಹೇಳುವುದು ಮರೆತೆ. ನಿಮ್ಮ ಫೋಟೋದಲ್ಲಿ ಕೆಳಗೆ ಅರ್ಧ ಬರೀ ಹುಲ್ಲು, ಮೇಲೆ ಗೋಪುರದ ತುದಿ ಕತ್ತರಿಸಿದೆ. ಡಬ್ಬಿಯನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ, ಮಾಡಬೇಡಿ. ನಡುವಿನ ತೂತಿಗಿಂತ 25 ಮಿ.ಮೀ. ಮೇಲೆ ಇನ್ನೊಂದು ತೂತು ಮಾಡಿ, ಕೆಳಗಿನದಕ್ಕೆ ಟೇಪ್ ಹಾಕಿ. ಡಬ್ಬಿ ನೆಟ್ಟಗಿರಲಿ. ಹುಲ್ಲು ಕಡಿಮೆಯಾಗಿ ಗೋಪುರ ಒಳಗೆ ಬರುತ್ತದೆ.

ತೋಟದ ಮನೆ (ಮಡಿಕೇರಿ)

ಏಪ್ರಿಲ್ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ದಿನ ಅಂತೆ, 2001ರಿಂದ ನಡೆಯುತ್ತಿದೆ. ನಮ್ಮ ಹಳೆಯ ಬಂಗಲೆಯನ್ನು ತೆಗೆಯೋಣ ಅಂತಿದ್ದೇನೆ. ಪೇಪರ್ ಎಲ್ಲಿ ಸಿಗುತ್ತದೆ?

ಹಳೇ ಸ್ಟುಡಿಯೋ (ಮೈಸೂರು)

ಆನ್‌ಲೈನ್‌ನಲ್ಲಿ ಇಲ್‌ಫರ್ಡ್ ಅಥವಾ ಫೋಮಾ ಅಂತ ಹುಡುಕಿ. ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರ್ ತಗೊಳ್ಳಿ, ಬೇಗ ತೊಳೆದು ಒಣಗುತ್ತದೆ. ಮೊದಲಿಗೆ 5×7ರ ಸಣ್ಣ ಪ್ಯಾಕೆಟ್ ಸಾಕು. ಬಂಗಲೆ ಹೆಂಚಿನದಾದರೆ ಪ್ರಿಫ್ಲ್ಯಾಶ್ ಮರೆಯಬೇಡಿ.